ಕಾಲದಲ್ಲಿ ಹಿಂದೆ ಹೋದ ವಿಜ್ಞಾನಿ ಮಲಪ್ರಭೆ ದಂಡೆಯಲ್ಲಿ ಏನು ಹುಡುಕುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಾದಾಮಿ, ಐಹೊಳೆ ಕಡೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ನಾವು ಒಂದು ಆಟ ಆಡುತ್ತೇವೆ. ಟೈಮ್ ಮಷಿನ್ ಸಿಕ್ಕಿದೆ ಅಂತ ಇಟ್ಟುಕೊಳ್ಳಿ. ಒಬ್ಬ ವಿಜ್ಞಾನಿಯನ್ನು ಅದರಲ್ಲಿ ಕೂರಿಸಿ ಹಿಂದಕ್ಕೆ ಕಳಿಸಬೇಕು. ಜಾಗ ನಮ್ಮ ಸೀಮೆಯೇ ಇರಬೇಕು, ಕಾಲ ಮಾತ್ರ ಬದಲಾಗಬೇಕು. ಅಷ್ಟು ಹೇಳಿದರೆ ಸಾಕು, ಬಸ್ಸಿನ ತುಂಬ ಪ್ರಶ್ನೆಗಳು. ಮೇಲಿಂದ ಮೇಲೆ ಬರುವವನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಮಷಿನ್ ಒಂದು ಕಲ್ಪನೆ. ಕಲ್ಲು, ಎಲುಬು, ಬೂದಿ ಎಲ್ಲ ನಿಜ.

ಪ್ರಪಂಚ ಇಷ್ಟು ದೊಡ್ಡದಿದೆ, ನಮ್ಮ ಬಾಗಲಕೋಟೆಗೇ ಯಾಕೆ ಕಳಿಸಬೇಕು?

ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಬೇರೆ ಬೇರೆ ಕಾಲಗಳು ಸಿಗುವುದು ಅಪರೂಪ. ಕಲಾದಗಿ ಸುತ್ತ ಹಳೆಯ ಸಮುದ್ರದ ತಳದ ಸುಣ್ಣಕಲ್ಲಿದೆ. ಬಾದಾಮಿಯಲ್ಲಿ ಮರಳುಗಲ್ಲಿನ ಗುಡ್ಡ. ಉತ್ತರಕ್ಕೆ ಹೋದರೆ ವಿಜಯಪುರದ ಕರಿಕಲ್ಲು, ಅಂದರೆ ಗಟ್ಟಿಯಾದ ಲಾವಾ. ಮಲಪ್ರಭೆ, ಘಟಪ್ರಭೆ ದಂಡೆಗಳಲ್ಲಿ ಆದಿಮಾನವರ ಕಲ್ಲಿನ ಆಯುಧ. ಬಾದಾಮಿ ಹತ್ತಿರದ ಬಂಡೆಗಳ ಮೇಲೆ ಚಿತ್ರ, ಐಹೊಳೆಯ ಮೇಗುತಿ ಗುಡ್ಡದ ಮೇಲೆ ಕಲ್ಲುಚಪ್ಪಡಿಯ ಗೋರಿ. ಬಾಗಲಕೋಟೆಯಲ್ಲಿ ಒಂದು ರೂಮ್ ಮಾಡಿಕೊಂಡು ಇವನ್ನೆಲ್ಲ ನೋಡಿ ಬರಬಹುದು.

ಪ್ರಾಗೈತಿಹಾಸ ಅಂದರೆ ಎಷ್ಟು ವರ್ಷ ಹಿಂದೆ?

ಬರವಣಿಗೆ ಶುರುವಾಗುವುದಕ್ಕೆ ಮುಂಚಿನದೆಲ್ಲ. ಕರ್ನಾಟಕದಲ್ಲಿ ಓದಲು ಬರುವ ಬರಹ ಮಸ್ಕಿ, ಕೊಪ್ಪಳದಂಥ ಕಡೆ ಅಶೋಕನ ಶಾಸನಗಳಿಂದ ಶುರು, ಅಂದರೆ ಕ್ರಿಸ್ತಪೂರ್ವ 3ನೇ ಶತಮಾನ. ಪುಲಕೇಶಿ ಬಾದಾಮಿ ಕೋಟೆ ಕಟ್ಟಿದ್ದು ಕ್ರಿ.ಶ. 543ರಲ್ಲಿ. ನಮ್ಮ ಆಟದಲ್ಲಿ ಚಾಲುಕ್ಯರು ನಿನ್ನೆ ಮೊನ್ನೆಯವರು.

“ಸರ, ಬಾದಾಮಿಯಾಗ ಡೈನೋಸಾರ್ ಇದ್ದವೇನ್ರಿ?”

ಎಲ್ಲರಿಗಿಂತ ಮೊದಲು ಬರುವ ಪ್ರಶ್ನೆ ಇದು. ಬಾದಾಮಿಯ ಕಲ್ಲಿನಲ್ಲಿ ಡೈನೋಸಾರ್ ಸಿಗುವುದಿಲ್ಲ. ಆ ಮರಳು ಬಂದು ಬಿದ್ದಾಗ ಡೈನೋಸಾರ್ ಹಾಗಿರಲಿ, ಮೀನೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ಗುಹಾದೇವಾಲಯದ ಗೋಡೆಯಲ್ಲಿ ಓರೆಯಾಗಿ ಹೋಗುವ ಗೆರೆಗಳನ್ನು ಗಮನಿಸಿ. ಹರಿಯುವ ನೀರು ಮರಳನ್ನು ತಳ್ಳಿ ತಳ್ಳಿ ಪದರ ಮಾಡಿದ ಗುರುತು ಅದು. ಡೈನೋಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಅಷ್ಟೊತ್ತಿಗೆ ಈ ಮರಳು ಕಲ್ಲಾಗಿ ಎಷ್ಟೋ ಕಾಲ ಆಗಿತ್ತು.

ಡೈನೋಸಾರ್ ಈ ನೆಲದ ಮೇಲೆ ಓಡಾಡಿರಲೇಬಾರದು ಅಂತೇನೂ ಇಲ್ಲ. ಆದರೆ ಸತ್ತ ಪ್ರಾಣಿಯ ಮೇಲೆ ಕೂಡಲೇ ಮಣ್ಣು ಬಿದ್ದು ಮುಚ್ಚಿದರೆ ಮಾತ್ರ ಎಲುಬು ಉಳಿಯುತ್ತದೆ. ಆ ಕಾಲದಲ್ಲಿ ಮಣ್ಣು ಬಿದ್ದ ಜಾಗ ನರ್ಮದಾ ಕಣಿವೆ. ಮಧ್ಯಪ್ರದೇಶ, ಗುಜರಾತಿಗೆ ಎಲುಬು, ಮೊಟ್ಟೆ ಎಲ್ಲ ಸಿಕ್ಕವು, ನಮಗೆ ಸಿಗಲಿಲ್ಲ. ಹುಡುಗರ ಮುಖ ಸಪ್ಪಗಾಗುತ್ತದೆ, ಏನು ಮಾಡೋದು.

ಹಾಗಾದರೆ ವಿಜಯಪುರದಲ್ಲಿ ಇಳಿದರೆ?

6 ಕೋಟಿ 60 ಲಕ್ಷ ವರ್ಷ ಹಿಂದಕ್ಕೆ ಹೋದರೆ ಇಳಿಯಲು ನೆಲವೇ ಸಿಗುವುದು ಕಷ್ಟ. ಆಗ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕೆ ಹಿಂದೂ ಮಹಾಸಾಗರದ ನಡುವೆ ಒಂದು ದ್ವೀಪ. ನೆಲ ಬಿರಿದು ಲಾವಾ ಉಕ್ಕಿ, ಹರಿದು, ಆರಿ, ಮತ್ತೆ ಅದರ ಮೇಲೆ ಹರಿಯುತ್ತಿತ್ತು. ಇವತ್ತು ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಗೋಲಗುಮ್ಮಟ ಕಟ್ಟಿದ ಕಪ್ಪುಕಲ್ಲು ಅದೇ. ಡೋಣಿ ಸಾಲಿನ ಎರೆಮಣ್ಣು ಆ ಕಲ್ಲೇ ಕರಗಿ ಆದದ್ದು. “ಡೋಣಿ ಬೆಳೆದರೆ ಓಣೆಲ್ಲ ಜೋಳ” ಅಂತಾರಲ್ಲ, ಆ ಬೆಳೆಯ ಹಿಂದೆ ಜ್ವಾಲಾಮುಖಿ ಇದೆ.

ವಿಜ್ಞಾನಿಗೆ ಇಲ್ಲಿ ಬೇಕಾದದ್ದು ಲಾವಾ ಅಲ್ಲ, ಅದು ನಮ್ಮ ಹತ್ತಿರ ಬೇಕಾದಷ್ಟಿದೆ. ಬೇಕಾದದ್ದು ಹೊಗೆ. ಡೈನೋಸಾರ್‌ಗಳ ಅಂತ್ಯಕ್ಕೆ ಮೆಕ್ಸಿಕೋದ ಚಿಕ್ಷುಲೂಬ್‌ನಲ್ಲಿ ಬಿದ್ದ ಆಕಾಶದ ಬಂಡೆಯೇ ಮುಖ್ಯ ಕಾರಣ ಅಂತ ಬಹಳ ಜನ ವಿಜ್ಞಾನಿಗಳು ಒಪ್ಪುತ್ತಾರೆ. ಈ ಲಾವಾದ ಜೊತೆ ಬಂದ ಗಂಧಕದ ಅನಿಲ, ಇಂಗಾಲದ ಡೈಆಕ್ಸೈಡ್ ಎಷ್ಟು ಪಾಲು ಕೆಡಿಸಿದವು ಅನ್ನುವುದು ಇನ್ನೂ ಜಗಳದ ವಿಷಯ. ಕಲ್ಲಿನ ವಯಸ್ಸನ್ನು ಅಳೆಯಬಹುದು, ಹಾರಿಹೋದ ಅನಿಲವನ್ನು ಅಳೆಯುವುದು ಹೇಗೆ? ಹಾಗಾಗಿ ಇಲ್ಲಿಗೆ ಬರುವವರು ಗ್ಯಾಸ್ ಅಳೆಯುವ ಯಂತ್ರ ತರಬೇಕು, ಒಳ್ಳೆ ಮಾಸ್ಕ್ ತರಬೇಕು, ಬೇಗ ವಾಪಸ್ ಹೋಗಬೇಕು.

ಇನ್ನೂ ಹಿಂದೆ ಹೋದರೆ? ಕಲಾದಗಿ ಸಮುದ್ರದ ಕಾಲಕ್ಕೆ?

ಸಿಲಿಂಡರ್ ಇಲ್ಲದೆ ಇಳಿಯಬೇಡಿ. 100 ಕೋಟಿ ವರ್ಷಕ್ಕಿಂತ ಹಿಂದಿನ ಗಾಳಿಯಲ್ಲಿ ಆಮ್ಲಜನಕ ತೀರಾ ಕಡಿಮೆ. ದಂಡೆಯಲ್ಲಿ ಗಿಡ ಇಲ್ಲ, ಹುಳ ಇಲ್ಲ, ಸಪ್ಪಳ ಅಂದರೆ ಗಾಳಿ ಮತ್ತು ಅಲೆ ಅಷ್ಟೆ. ತೆಳು ನೀರಿನಲ್ಲಿ ಮಾತ್ರ ಲೋಳೆಯಂಥ ಹಸಿರು ಚಾಪೆ ಹರಡಿರುತ್ತದೆ. ಸೂಕ್ಷ್ಮಜೀವಿಗಳ ಚಾಪೆ. ಅದರ ಮೇಲೆ ಮಣ್ಣು ಕೂತಂತೆ ಜೀವಿಗಳು ಬೆಳಕಿಗಾಗಿ ಮೇಲೆ ಹತ್ತುತ್ತವೆ, ಮತ್ತೆ ಮಣ್ಣು, ಮತ್ತೆ ಚಾಪೆ. ಹೀಗೆ ಪದರ ಪದರವಾಗಿ ಉಬ್ಬಿ ಬೆಳೆದ ಕಲ್ಲಿಗೆ ಸ್ಟ್ರೊಮ್ಯಾಟೊಲೈಟ್ ಅನ್ನುತ್ತಾರೆ. ಬಾಗಲಕೋಟೆ ಭಾಗದ ಹಳೆಯ ಸುಣ್ಣದ ಕಲ್ಲುಗಳಲ್ಲಿ ಇವು ಸಿಕ್ಕಿವೆ. ಅಡ್ಡ ಕೊಯ್ದರೆ ಉಳ್ಳಾಗಡ್ಡಿ ಕೊಯ್ದಂತೆ ಸುತ್ತು ಸುತ್ತು ಕಾಣುತ್ತವೆ.

ನನ್ನನ್ನು ಕೇಳಿದರೆ ಇಲ್ಲಿ ಕೂತು ಮಾಡಬೇಕಾದ ಕೆಲಸ ಗಡಿಯಾರದ್ದು. ಚಂದ್ರ ಈಗ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. ಅಪೋಲೊ ಯಾತ್ರಿಗಳು ಇಟ್ಟುಬಂದ ಕನ್ನಡಿಗಳಿಗೆ ಲೇಸರ್ ಬಿಟ್ಟು ಅಳೆದ ಲೆಕ್ಕ ಇದು. ಅಂದರೆ ಆಗ ಚಂದ್ರ ಹತ್ತಿರ ಇದ್ದ, ಭೂಮಿ ಜೋರಾಗಿ ತಿರುಗುತ್ತಿತ್ತು, ದಿನಕ್ಕೆ 24 ಗಂಟೆ ಇರಲಿಲ್ಲ. ಸೂರ್ಯ ನೆತ್ತಿಗೆ ಬಂದಾಗ ಒಂದು ಗುರುತು, ಮರುದಿನ ನೆತ್ತಿಗೆ ಬಂದಾಗ ಇನ್ನೊಂದು. ಒಂದು ಕೋಲು, ಒಂದು ವಾಚ್ ಸಾಕು. ಇಷ್ಟು ಸುಲಭದ ಒಂದು ಅಳತೆ ಸಿಕ್ಕರೆ ಭೂಮಿ ಚಂದ್ರರ ಹಳೆಯ ಲೆಕ್ಕ ಎಷ್ಟೋ ಸರಿಹೋಗುತ್ತದೆ.

ಎಲ್ಲಾ ಬಿಟ್ಟು ಒಂದೇ ಕಡೆ ಇಳಿಯಬೇಕು ಅಂದರೆ ಎಲ್ಲಿ?

ಖ್ಯಾಡ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಖ್ಯಾಡ ಬಾದಾಮಿ ತಾಲ್ಲೂಕಿನಲ್ಲಿ ಮಲಪ್ರಭೆ ದಂಡೆಯ ಹಳ್ಳಿ. ನದಿ ತಂದು ಹಾಕಿದ ಜಲ್ಲಿಯಲ್ಲಿ ಇಲ್ಲಿ ಹಳೆ ಶಿಲಾಯುಗದ ಕೈಗೊಡಲಿಗಳು ಸಿಕ್ಕಿವೆ. ಘಟಪ್ರಭೆ ಕಡೆ ಅನಗವಾಡಿಯಲ್ಲೂ ಅಂಥವೇ ಸಿಕ್ಕಿವೆ. ಈ ಸೀಮೆಯನ್ನು ಮೊದಲು ಹೀಗೆ ನೋಡಿದವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಕೈಗೊಡಲಿ ಹೆಕ್ಕಿ, ಭಾರತದಲ್ಲೂ ಆದಿಮಾನವರಿದ್ದರು ಅಂತ ತೋರಿಸಿದ ಭೂವಿಜ್ಞಾನಿ ಅವರು. ಆಮೇಲೆ ನಮ್ಮ ಕಡೆಯ ಕಲ್ಲುಗಳ ಸರ್ವೆಯನ್ನೂ ಮಾಡಿದರು. ಮುಂದೆ ಪುರಾತತ್ವಜ್ಞ ಆರ್. ವಿ. ಜೋಶಿ ಮಲಪ್ರಭೆಯ ಉದ್ದಕ್ಕೂ ಅಧ್ಯಯನ ಮಾಡಿದರು, 1955ರಲ್ಲಿ ಅದು ಅಚ್ಚಾಯಿತು.

ಆ ಕೊಡಲಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಬಿಳಿಗಲ್ಲಿನ ಜಾತಿಯ ಗಟ್ಟಿ ಕ್ವಾರ್ಟ್ಜೈಟ್. ಅಂಗೈ ತುಂಬುವ ಗಾತ್ರ, ಒಂದು ತುದಿ ಚೂಪು, ಇನ್ನೊಂದು ತುದಿ ದಪ್ಪ. ಹಿಡಿಕೆ ಇಲ್ಲ, ತೂತು ಇಲ್ಲ. ಎರಡೂ ಮುಖದಲ್ಲಿ ಚಕ್ಕೆ ಎದ್ದ ಗುಳಿಗಳು. ಪ್ರತಿ ಗುಳಿಯೂ ಒಂದು ಏಟು. ಯಾವ ಕಡೆಯಿಂದ ಹೊಡೆದರು, ಯಾವ ಏಟು ಮೊದಲು ಯಾವುದು ಆಮೇಲೆ ಅಂತ ತಿಳಿದವರು ಓದಬಲ್ಲರು. ಅಂಚು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹೊಡೆದದ್ದರಿಂದ ಡೊಂಕು ಡೊಂಕಾಗಿರುತ್ತದೆ. ಒಂದು ಕಡೆ ಚಕ್ಕೆ ಅರ್ಧಕ್ಕೇ ಮುರಿದು ಮೆಟ್ಟಿಲಿನಂತೆ ನಿಂತಿದ್ದರೆ, ಏಟು ತಪ್ಪಿದೆ ಅಂತ ಅರ್ಥ. ಲಕ್ಷಾಂತರ ವರ್ಷದ ಹಿಂದೆ ಯಾರಿಗೋ ಸಿಟ್ಟು ಬಂದಿರಬೇಕು.

ಇಷ್ಟೆಲ್ಲ ಓದಬಲ್ಲೆವು. ಹೊಡೆದವರು ಯಾರು ಅಂತ ಮಾತ್ರ ಗೊತ್ತಿಲ್ಲ! ಆ ಆಯುಧಗಳ ಜೊತೆ ಅವರ ಒಂದು ಹಲ್ಲೂ ನಮ್ಮ ಕಡೆ ಸಿಕ್ಕಿಲ್ಲ. ಇಡೀ ದೇಶದಲ್ಲಿ ಅಷ್ಟು ಹಳೆಯ ಮಾನವ ಕುಲದ ತಲೆಬುರುಡೆ ಅಂತ ಹೆಸರಾದದ್ದು ನರ್ಮದೆಯ ಹಥನೋರಾದಲ್ಲಿ 1982ರಲ್ಲಿ ಭೂವಿಜ್ಞಾನಿ ಅರುಣ್ ಸೋನಕಿಯಾ ಅವರಿಗೆ ಸಿಕ್ಕ ಒಂದು ಭಾಗ ಮಾತ್ರ. ಅದು ಯಾವ ಜಾತಿಯ ಮಾನವ ಅಂತಲೂ ಒಮ್ಮತವಿಲ್ಲ. ಕಲ್ಲು ಉಳಿಯಿತು, ಮಿಕ್ಕದ್ದೆಲ್ಲ ಕೊಳೆಯಿತು. ನಮ್ಮ ಬಿಸಿಲಿಗೆ ಡಿಎನ್‌ಎ ಬಾಳುವುದಿಲ್ಲ. ಗ್ರೀನ್‌ಲ್ಯಾಂಡಿನ ಹೆಪ್ಪುಗಟ್ಟಿದ ಮಣ್ಣಿನಲ್ಲಿ 20 ಲಕ್ಷ ವರ್ಷ ಹಳೆಯ ಡಿಎನ್‌ಎ ಚೂರುಗಳು ಉಳಿದಿವೆ, ಅಲ್ಲಿಯ ಚಳಿಯಿಂದ. ಬಾಗಲಕೋಟೆ ಬೇಸಿಗೆಯಲ್ಲಿ ಅದನ್ನು ಕೇಳಲೇಬೇಡಿ.

ಹಾಗಾಗಿ ವಿಜ್ಞಾನಿ ಅಲ್ಲಿಗೆ ಹೋದರೆ ಕಲ್ಲಿನ ಕಡೆ ಜಾಸ್ತಿ ನೋಡಬಾರದು ಅಂತ ನನ್ನ ವಾದ. ಕಲ್ಲು ಹೇಗೂ ನಮ್ಮ ಕೈಗೆ ಬಂದೇ ಬರುತ್ತದೆ. ಕಲ್ಲಲ್ಲದ್ದನ್ನು ನೋಡಬೇಕು. ಹೆಂಗಸರೂ ಕಲ್ಲು ಒಡೆಯುತ್ತಿದ್ದರಾ? ಮಕ್ಕಳಿಗೆ ಯಾರು ಕಲಿಸಿದರು, ಬಾಯಲ್ಲಿ ಹೇಳಿಯೋ ಕೈಹಿಡಿದೋ? ಮುದುಕರಿಗೆ ಯಾರು ತಿನ್ನಿಸುತ್ತಿದ್ದರು? ಬೆಂಕಿ ಇತ್ತಾ? ರಾತ್ರಿ ಎಲ್ಲಿ ಮಲಗುತ್ತಿದ್ದರು? ಈ ಥರದ ಕೈಗೊಡಲಿ ಹತ್ತು ಲಕ್ಷ ವರ್ಷಕ್ಕೂ ಜಾಸ್ತಿ ಕಾಲ ಹೆಚ್ಚುಕಡಿಮೆ ಅದೇ ಆಕಾರದಲ್ಲಿ ನಡೆದುಬಂತು. ಇಷ್ಟು ದೀರ್ಘಕಾಲ ಯಾಕೆ ಯಾರಿಗೂ ಬೇರೆ ಥರ ಮಾಡಬೇಕು ಅನ್ನಿಸಲಿಲ್ಲ? ಉತ್ತರ ಅವರ ನಡವಳಿಕೆಯಲ್ಲಿದೆ, ಮ್ಯೂಸಿಯಂನಲ್ಲಿ ಇಲ್ಲ.

ಅವರು ಎಷ್ಟು ಹಿಂದಿನವರು ಅಂತ ಹೇಗೆ ಗೊತ್ತು?

ಹತ್ತಿರದ ಉದಾಹರಣೆ ಇಸಾಂಪುರ. ಕೃಷ್ಣೆಯ ಆಚೆ, ಯಾದಗಿರಿ ಜಿಲ್ಲೆಯ ಹುಣಸಗಿ ಕಡೆ. ತಾಳಿಕೋಟೆಯವರಿಗೆ ದೂರವೇನಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಅಗೆದಾಗ ಸಿಕ್ಕದ್ದು ಒಂದು ಕಲ್ಲುಗಣಿ ಮತ್ತು ಕಾರ್ಖಾನೆ. ಅಲ್ಲೇ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ ಅಲ್ಲೇ ಆಯುಧ ಮಾಡಿದ್ದರು. ಅದರ ಜೊತೆ ಸಿಕ್ಕ ಹುಲ್ಲು ತಿನ್ನುವ ಪ್ರಾಣಿಗಳ ಹಲ್ಲಿನ ಎನಾಮಲ್, ಅಂದರೆ ಹೊರಗಿನ ಗಟ್ಟಿ ಪದರ, ಪರೀಕ್ಷಿಸಿ ಸುಮಾರು 12 ಲಕ್ಷ ವರ್ಷ ಅಂತ ಅಂದಾಜು ಮಾಡಿದರು. ಹಳೆಯ ಎಲುಬು, ಇದ್ದಲಿನ ವಯಸ್ಸು ಹೇಳಲು ಅಳೆಯುವ ಕಾರ್ಬನ್-14 ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಹೋಗಿ 50 ಸಾವಿರ ವರ್ಷದ ಹೊತ್ತಿಗೆ ಅಳೆಯಲಾರದಷ್ಟು ಕಡಿಮೆಯಾಗುತ್ತದೆ.

ಕಾಡುಪ್ರಾಣಿ ಯಾವುವು ಸಿಗುತ್ತವೆ?

ಘೇಂಡಾಮೃಗ. ಗೋಕಾಕ ಜಲಪಾತದ ಕಡೆಯವರಿಗೆ ಇದು ಗೊತ್ತಿರಲಿ. ಗೋಕಾಕ ಹತ್ತಿರದ ಹಳ್ಳದ ದಂಡೆಯಲ್ಲಿ ಸಿಕ್ಕ ಪಳೆಯುಳಿಕೆಗಳನ್ನು ಫೂಟ್ ಅವರು 1874ರಲ್ಲಿ ಹೊಸ ಜಾತಿಯ ಘೇಂಡಾಮೃಗ ಅಂತ ಪ್ರಕಟಿಸಿ, ದಖ್ಖನ್ ಹೆಸರನ್ನೇ ಅದಕ್ಕೆ ಇಟ್ಟರು. ಇವತ್ತು ಘೇಂಡಾಮೃಗ ನೋಡಲು ಅಸ್ಸಾಮಿಗೆ ಹೋಗಬೇಕು. ಅದಕ್ಕೆ ಹುಲ್ಲು ಬೇಕು, ಕೆಸರು ಬೇಕು, ವರ್ಷವಿಡೀ ನೀರು ಬೇಕು. ಅಂದರೆ ಘಟಪ್ರಭೆ ಕಣಿವೆ ಆಗ ಈಗಿನಷ್ಟು ಒಣಗಿರಲಿಲ್ಲ. ಉಷ್ಟ್ರಪಕ್ಷಿಯೂ ಭಾರತದಲ್ಲಿತ್ತು. ಮಹಾರಾಷ್ಟ್ರದ ಪಾಟಣೆಯಲ್ಲಿ ಅದರ ಮೊಟ್ಟೆಚಿಪ್ಪಿನಿಂದ ಮಾಡಿದ ಮಣಿಗಳು ಸಿಕ್ಕಿವೆ.

ಪ್ರಾಣಿ ನೋಡುವ ವಿಜ್ಞಾನಿ ಎಲುಬಿಗಿಂತ ಸಗಣಿ, ಲದ್ದಿ ಹೆಕ್ಕುವುದು ಮೇಲು. ಯಾವ ಹುಲ್ಲು, ಯಾವ ಹುಳು, ಯಾವ ರೋಗ ಎಲ್ಲ ಅದರಲ್ಲೇ ಇರುತ್ತದೆ.

ಅವರು ಕನ್ನಡ ಮಾತಾಡುತ್ತಿದ್ದರಾ?

ಇಲ್ಲ. ಖ್ಯಾಡದವರ ಕಾಲಕ್ಕೆ ಮಾತು ಇತ್ತೋ ಇಲ್ಲವೋ ಅನ್ನುವುದೇ ಪ್ರಶ್ನೆ. ನಾಲ್ಕೈದು ಸಾವಿರ ವರ್ಷದ ಹಿಂದಿನ ದನಗಾಹಿಗಳು ದ್ರಾವಿಡ ನುಡಿ ಆಡುತ್ತಿದ್ದಿರಬಹುದು ಅಂತ ಕೆಲವು ವಿದ್ವಾಂಸರು ಹೇಳುತ್ತಾರೆ, ಪುರಾವೆ ಇಲ್ಲ. ಒಂದು ರೆಕಾರ್ಡರ್ ಒಯ್ದರೆ ಒಂದು ಸಂಜೆಯಲ್ಲಿ ಮುಗಿಯುವ ಜಗಳ ಇದು.

“ಜ್ವಾಳದ ರೊಟ್ಟಿ ಸಿಗ್ತದೇನ್ರಿ ಅಲ್ಲಿ?”

ಸಿಗುವುದಿಲ್ಲ. ಇದನ್ನು ಹೇಳಿದಾಗ ಆಗುವ ಬೇಜಾರು ಡೈನೋಸಾರ್ ಇಲ್ಲ ಅಂದಾಗಲೂ ಆಗುವುದಿಲ್ಲ.

ಜೋಳ ಆಫ್ರಿಕಾದ ಬೆಳೆ. ಸಜ್ಜೆಯೂ ಅಷ್ಟೆ. ದಖ್ಖನ್ನಿನ ಮೊದಲ ರೈತರು ಬೆಳೆಯುತ್ತಿದ್ದುದು ಹುರಳಿ, ಹೆಸರು, ಕೊರಲೆಯಂಥ ಸಣ್ಣ ಕಾಳು. ನವಶಿಲಾಯುಗದ ಊರುಗಳ ಮಣ್ಣನ್ನು ನೀರಲ್ಲಿ ಕಲಸಿ, ಮೇಲೆ ತೇಲಿಬಂದ ಸುಟ್ಟು ಕರಕಲಾದ ಕಾಳುಗಳನ್ನು ಹೆಕ್ಕಿ ಇದನ್ನು ಕಂಡುಕೊಂಡಿದ್ದಾರೆ. ಜಮಖಂಡಿ ಕಡೆ ತೇರದಾಳದಲ್ಲೂ ನವಶಿಲಾಯುಗದ ನೆಲೆ ಇದೆ.

ಈಗ ನಮ್ಮ ಊಟದ ತಾಟನ್ನು ಒಂದೊಂದಾಗಿ ಖಾಲಿ ಮಾಡಿ. ಜೋಳದ ರೊಟ್ಟಿ ಹೋಯಿತು. ಶೇಂಗಾ ಹಿಂಡಿ ಹೋಯಿತು, ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿ ಅಮೆರಿಕದ್ದು, ಟೊಮೆಟೊ ಅಮೆರಿಕದ್ದು, ಗೋವಿನಜೋಳ ಅಮೆರಿಕದ್ದು. ಪೋರ್ಚುಗೀಸರು ಬಂದ ಮೇಲೆ, ಅಂದರೆ 1500ರ ನಂತರ ಬಂದವು ಇವು. ಚಾಲುಕ್ಯರೂ ಖಾರದಪುಡಿ ಕಂಡವರಲ್ಲ! ತಾಟಿನಲ್ಲಿ ಉಳಿಯುವುದು ಹುರಳಿ ಸಾರು, ಹೆಸರುಕಾಳು, ಮಾಂಸ.

ವಿಜ್ಞಾನಿಗೆ ಇಲ್ಲಿ ಒಳ್ಳೆ ಕೆಲಸ ಇದೆ. ಹುರಳಿ ನಮ್ಮ ಕಡೆಯ ಕಾಡಿನ ಅಂಚಿನಲ್ಲೇ ಹೊಲದ ಬೆಳೆ ಆಗಿರಬಹುದು. ಕಾಡುಹುರಳಿ ಒಣಗಿದಾಗ ಕಾಯಿ ಸಿಡಿದು ಕಾಳು ಚೆಲ್ಲುತ್ತದೆ. ಸಿಡಿಯದ ಗಿಡವನ್ನು ಮೊದಲು ಗಮನಿಸಿ ಅದರ ಬೀಜ ಎತ್ತಿಟ್ಟವರು ಯಾರು? ಹೆಂಗಸೊಬ್ಬಳೇ ಇರಬೇಕು ಅಂತ ನನ್ನ ಊಹೆ. ಬರಗಾಲ ತಡೆಯುವ ಆ ಹಳೆಯ ತಳಿಗಳ ಒಂದೊಂದು ಹಿಡಿ ಬೀಜ ಸಿಕ್ಕರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಬಾಗಿಲಲ್ಲೇ ನಿಂತು ಬರಮಾಡಿಕೊಳ್ಳುತ್ತಾರೆ.

ಬೂದಿದಿಬ್ಬ ಅಂದರೇನು? ಅದನ್ನು ಯಾಕೆ ನೋಡಬೇಕು?

ಸುರಪುರ ಕಡೆಯ ಬೂದಿಹಾಳ, ಬಳ್ಳಾರಿ ಕಡೆಯ ಕುಡತಿನಿ, ಹೀಗೆ ಹಲವು ಕಡೆ ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿಯ ದೊಡ್ಡ ದಿಬ್ಬಗಳಿವೆ. ಸುಟ್ಟದ್ದು ಸಗಣಿ. ಕೆಲವು ಕಡೆ ಬೆಂಕಿ ಎಷ್ಟು ಜೋರಿತ್ತು ಅಂದರೆ ಬೂದಿ ಕರಗಿ ಗಾಜಿನ ಕಿಟ್ಟದಂತಾಗಿದೆ. ತೆಲಂಗಾಣದ ಉತ್ನೂರಿನಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಇಂಥ ದಿಬ್ಬ ಅಗೆದಾಗ ದನದ ಗೊರಸಿನ ಗುರುತುಗಳು ಹಾಗೇ ಉಳಿದಿದ್ದವು. ಅಂದರೆ ದನದ ದೊಡ್ಡಿ ಇದ್ದದ್ದು ಖಾತ್ರಿ.

ಸುಟ್ಟದ್ದು ಯಾಕೆ? ರೋಗ ಬಂದು ದೊಡ್ಡಿ ಶುದ್ಧ ಮಾಡಿದರಾ, ಹಬ್ಬವಾ? ಕಾರಹುಣ್ಣಿಮೆಯಲ್ಲಿ ಎತ್ತು ಓಡಿಸುವ ನಮಗೆ ತಕ್ಷಣ ಹಬ್ಬ ಅನ್ನಿಸುತ್ತದೆ. ಸುಮ್ನೆ ಹಾಗನ್ನಿಸಿದರೆ ಸಾಲದು, ಅಲ್ವಾ? ಬೆಂಕಿ ಹಚ್ಚುವ ದಿನ ಅಲ್ಲಿ ಇದ್ದು, ಯಾವ ತಿಂಗಳು, ಯಾರು ಹಚ್ಚಿದರು, ಹಚ್ಚುವಾಗ ಹಾಡಿದರೋ ಅತ್ತರೋ ನೋಡಬೇಕು.

ಸಿಡಿಲಫಡಿಯ ಚಿತ್ರಗಳ ಬಗ್ಗೆ?

ಬಾದಾಮಿಯಿಂದ ಗುಡ್ಡ ಹತ್ತಿ ನಡೆದು ಹೋದರೆ ಕಮಾನಿನಂತೆ ನಿಂತ ದೊಡ್ಡ ಬಂಡೆ, ಅದೇ ಸಿಡಿಲಫಡಿ. ಅಲ್ಲಿ ಕೆಂಪು ಬಣ್ಣದ ಹಳೆಯ ಚಿತ್ರಗಳಿವೆ, ಪುಟ್ಟ ಪುಟ್ಟ ಕಲ್ಲಿನ ಅಲಗುಗಳೂ ಸಿಕ್ಕಿವೆ. ಬಣ್ಣ ಕೆಮ್ಮಣ್ಣಿನದು, ಅದರ ವಯಸ್ಸು ನೇರವಾಗಿ ಅಳೆಯುವುದು ಬಹಳ ಕಷ್ಟ. ವಿಜ್ಞಾನಿ ಅಲ್ಲಿಗೆ ಹೋದರೆ ಚಿತ್ರ ನೋಡದೆ ಚಿತ್ರ ನೋಡುವವರನ್ನು ನೋಡಲಿ. ಬಂಡೆಯ ಮುಂದೆ ಯಾರು ಕೂರುತ್ತಿದ್ದರು, ಯಾರಿಗೆ ಬಿಡುತ್ತಿರಲಿಲ್ಲ?

ಯಾವ ಸಾಮಾನು ಒಯ್ಯಬೇಕು?

ಜಿಪಿಎಸ್ ಬೇಡ, ಉಪಗ್ರಹಗಳೇ ಇಲ್ಲ. ದಿಕ್ಸೂಚಿ ಒಯ್ಯಬಹುದು, ಆದರೆ ಹುಷಾರು. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗಿವೆ. ಕೊನೆಯ ದೊಡ್ಡ ಬದಲಾವಣೆ ಸುಮಾರು 7.8 ಲಕ್ಷ ವರ್ಷದ ಹಿಂದೆ. ಅದಕ್ಕಿಂತ ಹಿಂದೆ ಬಹಳ ಕಾಲ ಮುಳ್ಳು ದಕ್ಷಿಣವನ್ನೇ ಉತ್ತರ ಅಂತ ತೋರಿಸುತ್ತಿತ್ತು. ಧ್ರುವನಕ್ಷತ್ರ ನಂಬೋಣ ಅಂದರೆ ಅದೂ ಜಾಗ ಬಿಟ್ಟಿರುತ್ತದೆ, ಭೂಮಿಯ ಅಕ್ಷ ಸುಮಾರು 26 ಸಾವಿರ ವರ್ಷಕ್ಕೊಂದು ಸುತ್ತು ಹಾಕುತ್ತದೆ.

ಮೈಕ್ರೋಸ್ಕೋಪು, ಗಾಳಿ ತುಂಬಿಕೊಳ್ಳಲು ಬಾಟಲಿ, ಹತ್ತಿಯ ಸ್ವ್ಯಾಬ್, ರೆಕಾರ್ಡರ್, ಸೋಲಾರ್ ಚಾರ್ಜರ್. ನೋಟ್‌ಬುಕ್ಕು, ಪೆನ್ಸಿಲ್ಲು ಮರೆಯಬಾರದು.

ವಿಜ್ಞಾನಿಗೆ ರೋಗ ಬಂದರೆ?

ವಿಜ್ಞಾನಿಯಿಂದ ಅವರಿಗೆ ರೋಗ ಬಂದರೆ ಅಂತ ಮೊದಲು ಕೇಳಿ. ದಡಾರದಂಥ ರೋಗ ಉಳಿಯಲು ಲಕ್ಷಗಟ್ಟಲೆ ಜನ ಬೇಕು. ಇಪ್ಪತ್ತು ಮೂವತ್ತು ಜನರ ಗುಂಪಿಗೆ ಅಂಥ ರೋಗದ ಪರಿಚಯವೇ ಇರುವುದಿಲ್ಲ. ನಮ್ಮ ಒಂದು ನೆಗಡಿ ಅವರಿಗೆ ಮಾರಿ ಆಗಬಹುದು. ದೂರದಿಂದ ದುರ್ಬೀನಿನಲ್ಲಿ ನೋಡುವುದೇ ಸರಿ.

ಒಂದೇ ಒಂದು ವಸ್ತು ತರಬಹುದು ಅಂದರೆ?

ಹುಡುಗರು ಬಂಗಾರ ಅನ್ನುತ್ತಾರೆ. ನಾನಾದರೆ ಕಟ್ಟಿಗೆ ತರಲು ಹೇಳುತ್ತೇನೆ. ಗಡ್ಡೆಗೆಣಸು ಅಗೆದು ಅಗೆದು ಸವೆದ ಒಂದು ಕೋಲು. ಜಾಂಬಿಯಾದ ಕಲಂಬೋ ಜಲಪಾತದ ಹತ್ತಿರ ಒದ್ದೆ ಮಣ್ಣಿನಲ್ಲಿ 4.76 ಲಕ್ಷ ವರ್ಷ ಹಳೆಯ ಮರದ ದಿಮ್ಮಿಗಳು ಸಿಕ್ಕವು. ಒಂದಕ್ಕೊಂದು ಕೂರುವಂತೆ ಕಚ್ಚು ಕೊರೆದಿದ್ದರು. ಅಲ್ಲಿಯವರೆಗೆ ಅಷ್ಟು ಹಳೆಯ ಜನ ಮರ ಜೋಡಿಸಿ ಕಟ್ಟುತ್ತಿದ್ದರು ಅಂತ ಯಾರಿಗೂ ಗೊತ್ತಿರಲಿಲ್ಲ. ಖ್ಯಾಡದವರೂ ಏನೇನು ಕಟ್ಟಿದ್ದರೋ. ಗೆದ್ದಲು ತಿಂದು ಮುಗಿಸಿದೆ. ಆ ಕೋಲಿನ ಹಿಡಿಯಲ್ಲಿ ಬೆವರು ಇರುತ್ತದೆ, ಬೆವರಿನಲ್ಲಿ ಡಿಎನ್‌ಎ ಇರುತ್ತದೆ, ತುದಿಯಲ್ಲಿ ಗಡ್ಡೆಯ ಹಿಟ್ಟು ಇರುತ್ತದೆ. ಹೊಡೆದವರು ಯಾರು, ತಿಂದದ್ದು ಏನು, ಎರಡಕ್ಕೂ ಒಂದೇ ಕೋಲು.

ಮಷಿನ್ ಇಲ್ಲದ ನಾವು ಏನು ನೋಡಬಹುದು?

ಬಾದಾಮಿಯ ಪುರಾತತ್ವ ಮ್ಯೂಸಿಯಂ ಇದೆ. ಬಳ್ಳಾರಿಯಲ್ಲಿ ಫೂಟ್ ಹೆಸರಿನಲ್ಲೇ ಪ್ರಾಗೈತಿಹಾಸದ ಮ್ಯೂಸಿಯಂ ಇದೆ. ಸಿಡಿಲಫಡಿಗೆ ಹೋದರೆ ಬೆಳಿಗ್ಗೆ ಬೇಗ ಹೊರಡಿ, ನೀರು ಜಾಸ್ತಿ ಒಯ್ಯಿರಿ, ಚಿತ್ರ ಸರಿಯಾಗಿ ಕಾಣಲಿ ಅಂತ ನೀರು ಎರಚಬೇಡಿ.

ಹೊಲದಲ್ಲೋ ಹಳ್ಳದಲ್ಲೋ ಕೈಗೊಡಲಿಯಂಥ ಕಲ್ಲು ಕಂಡರೆ ಜೇಬಿಗೆ ಹಾಕಬೇಡಿ. ಯಾವ ಪದರದಲ್ಲಿತ್ತು ಅನ್ನುವುದು ತಪ್ಪಿದರೆ ಅದರ ವಯಸ್ಸು ಹೇಳುವುದು ಆಗುವುದಿಲ್ಲ. ಇದ್ದಲ್ಲೇ ಬಿಟ್ಟು ಫೋಟೊ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಡಿ. ಸ್ಕೇಲ್ ಇಲ್ಲದಿದ್ದರೆ ಪೆನ್ನು ಇಟ್ಟರೂ ನಡೆಯುತ್ತದೆ. ಊರು, ಹೊಲದ ಸರ್ವೆ ನಂಬರು, ಹಳ್ಳದ ಹೆಸರು ಬರೆದುಕೊಂಡು ಹತ್ತಿರದ ಪುರಾತತ್ವ ಇಲಾಖೆ ಕಚೇರಿಗೆ ತಿಳಿಸಿ.